ಅರಗಿನ ತಟ್ಟೆಯ ಮೇಲೆ ಮೂರು ನಿಮಿಷ: ಹಳೇ ಜಾಝ್ ಕೇಳೋದು, ಕೂಡಿಡೋದು ಹೇಗೆ?

ಈ ಸಲ ನಾವು ಆರಿಸಿಕೊಂಡಿರೋ ವಿಷಯ ಕೆಲವರಿಗೆ ವಿಚಿತ್ರ ಅನ್ನಿಸಬಹುದು. ಜಾಝ್ ಅಮೆರಿಕದ ಸಂಗೀತ. ಅದರಲ್ಲೂ ನಾವು ಹೇಳಹೊರಟಿರೋದು 1917ರಿಂದ 1930ರ ಆಸುಪಾಸಿನವರೆಗೆ, ಶೆಲ್ಯಾಕ್ ತಟ್ಟೆಗಳ ಮೇಲೆ ಅಚ್ಚಾದ ಜಾಝ್ ಬಗ್ಗೆ. ಕನ್ನಡ ಸಂಘಕ್ಕೂ ಇದಕ್ಕೂ ಏನು ಸಂಬಂಧ ಅಂತ ಕೇಳಿದರೆ, ಒಳ್ಳೇ ವಿಷಯ ಯಾವ ಊರಿನದೇ ಆಗಲಿ ಅದು ಕನ್ನಡದಲ್ಲಿ ಓದೋಕೆ ಸಿಗಬೇಕು ಅನ್ನೋದೇ ನಮ್ಮ ಉತ್ತರ. ಇನ್ನೊಂದು ಕಾರಣವೂ ಇದೆ. ಈ ತಟ್ಟೆಗಳಲ್ಲಿ ಸಂಗೀತ ಎಷ್ಟಿದೆಯೋ ಎಂಜಿನಿಯರಿಂಗ್ ಕೂಡ ಅಷ್ಟೇ ಇದೆ. ಎರಡನ್ನೂ ಬೇರೆ ಮಾಡಿ ಕೇಳಿದರೆ ಎರಡೂ ಅರ್ಧ ಅರ್ಧ ಅರ್ಥವಾಗುತ್ತೆ.

1. ತಟ್ಟೆ ಯಾವುದರಿಂದ ಆಗಿದೆ?

ಶೆಲ್ಯಾಕ್ ಅಂದ್ರೆ ನಮಗೆ ಚೆನ್ನಾಗಿ ಗೊತ್ತಿರೋ ಅರಗು. ಮಹಾಭಾರತದ ಅರಗಿನ ಮನೆ, ಚನ್ನಪಟ್ಟಣದ ಬೊಂಬೆಗಳ ಮೇಲಿನ ಹೊಳೆಯೋ ಬಣ್ಣ, ಹಳೇ ಕಾಲದ ಕಾಗದ ಪತ್ರಗಳ ಮೇಲಿನ ಮೊಹರು, ಅರಗಿನ ಬಳೆ, ಎಲ್ಲಾ ಒಂದೇ ಕುಟುಂಬ. ಕೆರಿಯಾ ಲ್ಯಾಕಾ ಅನ್ನೋ ಪುಟ್ಟ ಕೀಟ ಮುತ್ತುಗ, ಬೋರೆ ಮುಂತಾದ ಮರಗಳ ರಸ ಹೀರಿ ರೆಂಬೆಗಳ ಮೇಲೆ ಅಂಟು ಸುರಿಸುತ್ತೆ. ಅದನ್ನ ಕೆರೆದು, ತೊಳೆದು, ಕರಗಿಸಿ ಸೋಸಿದರೆ ಶೆಲ್ಯಾಕ್. ಆ ಕಾಲದಲ್ಲಿ ಜಗತ್ತಿಗೆ ಬೇಕಾದ ಅರಗಿನ ಬಹುಪಾಲು ಹೋಗ್ತಾ ಇದ್ದದ್ದು ಭಾರತದಿಂದ. ರಾಂಚಿ ಹತ್ತಿರ ಅರಗಿಗೆಂದೇ ಒಂದು ಸಂಶೋಧನಾ ಸಂಸ್ಥೆ 1924ರಲ್ಲೇ ಶುರುವಾಗಿತ್ತು. ಅಂದ್ರೆ ಷಿಕಾಗೋದಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಊದಿದ ಸ್ವರ ಕೂತಿದ್ದು ನಮ್ಮ ಕಾಡಿನ ಹುಳುವಿನ ಅಂಟಿನ ಮೇಲೆ.

ಆದರೆ ತಟ್ಟೆ ಪೂರ್ತಿ ಅರಗಲ್ಲ. ಅರಗು ಬೈಂಡರ್ ಅಷ್ಟೇ. ಹೆಚ್ಚಿನ ಪಾಲು ಕಲ್ಲಿನ ಪುಡಿ, ಜೊತೆಗೆ ಸ್ವಲ್ಪ ಹತ್ತಿಯ ನಾರು, ಕಪ್ಪು ಬಣ್ಣಕ್ಕೆ ಮಸಿ. ಈ ಮಿಶ್ರಣದಿಂದ ಮೂರು ಮುಖ್ಯ ಗುಣಗಳು ಬರುತ್ತೆ:

ಒಂದು, ಬಿಸಿ ಮಾಡಿದರೆ ಮೆತ್ತಗಾಗುತ್ತೆ. ಅದಕ್ಕೇ ಅಚ್ಚಿಗೆ ಒತ್ತೋಕೆ ಸುಲಭ. ಬಿಸಿಲಲ್ಲಿಟ್ಟರೆ ಬಾಗೋದೂ ಅದಕ್ಕೇ.

ಎರಡು, ತಣ್ಣಗಾದ ಮೇಲೆ ಗಟ್ಟಿ ಆದರೂ ಬಳುಕೋದಿಲ್ಲ. ಕೈಜಾರಿದರೆ ಹಂಚು ಒಡೆದ ಹಾಗೆ ಒಡೆಯುತ್ತೆ.

ಮೂರು, ಕಲ್ಲಿನ ಪುಡಿ ಇರೋದರಿಂದ ತಟ್ಟೆ ಒಂದು ರೀತಿಯ ಸಾಣೆಕಲ್ಲು. ಹಳೇ ಗ್ರಾಮಫೋನ್‌ನ ಉಕ್ಕಿನ ಮುಳ್ಳು ಮೊದಲ ಕೆಲವು ಸುತ್ತುಗಳಲ್ಲೇ ಸವೆದು ಗೀರಿನ ಆಕಾರಕ್ಕೆ ಹೊಂದಿಕೊಳ್ಳಲಿ ಅಂತಲೇ ಹೀಗೆ ಮಾಡಿದ್ದರು. ಒಂದು ಮುಖ ಮುಗಿಯುವಷ್ಟರಲ್ಲಿ ಮುಳ್ಳಿನ ಕತೆ ಮುಗೀತು. ಅದನ್ನ ಬಿಸಾಕಿ ಹೊಸದು ಹಾಕಬೇಕು. ಹಾಗೆ ಮಾಡದೆ ಹಳೇ ಮುಳ್ಳಲ್ಲೇ ಹತ್ತು ಸಲ ಹಾಕಿದರೆ ಸವೆಯೋ ಸರದಿ ತಟ್ಟೆಯದು.

2. ಮೂರೇ ನಿಮಿಷ ಯಾಕೆ?

ಹಳೇ ಜಾಝ್ ಹಾಡುಗಳೆಲ್ಲ ಮೂರು ನಿಮಿಷದ ಸುತ್ತಮುತ್ತ ಮುಗಿಯುತ್ತವೆ. ಇದು ಕಲಾವಿದರ ಆಯ್ಕೆ ಅಲ್ಲ, ಜ್ಯಾಮಿತಿಯ ಲೆಕ್ಕ. ಬನ್ನಿ, ಮಾಡಿ ನೋಡೋಣ.

10 ಇಂಚಿನ ತಟ್ಟೆಯಲ್ಲಿ ಹೊರಗಿನ ಮೊದಲ ಗೀರಿನ ವ್ಯಾಸ ಸುಮಾರು 24 ಸೆಂ.ಮೀ., ಒಳಗಿನ ಕೊನೇ ಗೀರಿನದು ಸುಮಾರು 10 ಸೆಂ.ಮೀ. ಅಂತ ಇಟ್ಟುಕೊಳ್ಳಿ. ಮುಳ್ಳು ದಾಟಬೇಕಾದ ಅಗಲ 7 ಸೆಂ.ಮೀ., ಅಂದ್ರೆ ಸುಮಾರು 2.75 ಇಂಚು. ಇಂಚಿಗೆ 90 ಸುತ್ತು ಗೀರು ಅಂದರೆ ಒಟ್ಟು 248 ಸುತ್ತು ಚಿಲ್ಲರೆ. ನಿಮಿಷಕ್ಕೆ 78 ಸುತ್ತಿನಂತೆ ಭಾಗಿಸಿದರೆ ಸುಮಾರು 3.2 ನಿಮಿಷ. ಮುಗೀತು!

ನಿಧಾನವಾಗಿ ತಿರುಗಿಸಿದ್ರೆ ಹೆಚ್ಚು ಹೊತ್ತು ಬರ್ತಿತ್ತಲ್ಲ ಅಂತ ಕೇಳಬಹುದು. ಅಲ್ಲೇ ತೊಂದರೆ ಇರೋದು. ಹೊರಗಿನ ಗೀರು ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 98 ಸೆಂ.ಮೀ. ಓಡಿದರೆ, ಒಳಗಿನ ಗೀರು ಓಡೋದು ಸುಮಾರು 41 ಸೆಂ.ಮೀ. ಮಾತ್ರ. 5000 ಹರ್ಟ್ಸ್ ಸ್ವರದ ಒಂದು ಅಲೆ ಹೊರಗೆ 196 ಮೈಕ್ರಾನ್ ಉದ್ದ ಇದ್ದದ್ದು ಒಳಗೆ ಬರೋ ಹೊತ್ತಿಗೆ 82 ಮೈಕ್ರಾನ್ ಆಗಿರುತ್ತೆ. 78ರ ತಟ್ಟೆಗೆ ಬಳಸೋ ಮುಳ್ಳಿನ ತುದಿಯ ತ್ರಿಜ್ಯವೇ ಸುಮಾರು 75 ಮೈಕ್ರಾನ್. ಅಷ್ಟು ದಪ್ಪ ತುದಿ ಅಷ್ಟು ಸಣ್ಣ ಅಲೆಯೊಳಗೆ ಇಳಿಯೋದಾದರೂ ಹೇಗೆ? ಅದಕ್ಕೇ ಎಷ್ಟೋ ತಟ್ಟೆಗಳಲ್ಲಿ ಹಾಡಿನ ಕೊನೆಗೆ ಬರ್ತಾ ಬರ್ತಾ ದನಿ ಮಂಕಾಗುತ್ತೆ. ವೇಗ ಇನ್ನೂ ಇಳಿಸಿದ್ದರೆ ಇಡೀ ಹಾಡೇ ಮಂಕಾಗ್ತಿತ್ತು. ಸಣ್ಣ ಗೀರು, ಸಣ್ಣ ಮುಳ್ಳು, ವಿನೈಲ್ ಎಲ್ಲಾ ಸೇರಿ ಎಲ್‌ಪಿ ಬಂದಿದ್ದು 1948ರಲ್ಲಿ.

3. ಹಾರ್ನ್ ಮುಂದೆ ನಿಂತ ಬ್ಯಾಂಡ್

ಮೊದಲ ಜಾಝ್ ತಟ್ಟೆ ಅಂತ ಒಪ್ಪಿಕೊಂಡಿರೋದು ಒರಿಜಿನಲ್ ಡಿಕ್ಸಿಲ್ಯಾಂಡ್ ಜ್ಯಾಸ್ ಬ್ಯಾಂಡ್‌ನವರು 1917ರ ಫೆಬ್ರವರಿ 26ರಂದು ನ್ಯೂಯಾರ್ಕ್‌ನಲ್ಲಿ ವಿಕ್ಟರ್ ಕಂಪನಿಗೆ ನುಡಿಸಿದ್ದನ್ನು. ಆಗ ಮೈಕ್ ಇಲ್ಲ, ಆಂಪ್ಲಿಫೈಯರ್ ಇಲ್ಲ. ಒಂದು ದೊಡ್ಡ ತಗಡಿನ ಹಾರ್ನ್, ಅದರ ಕೊನೆಗೆ ತೆಳು ಪೊರೆ, ಪೊರೆಗೆ ಅಂಟಿದ ಕತ್ತರಿಸೋ ಮುಳ್ಳು, ಕೆಳಗೆ ತಿರುಗೋ ಮೇಣದ ತಟ್ಟೆ. ಗಾಳಿಯ ಒತ್ತಡವೇ ಮೇಣ ಕೊರೆಯಬೇಕು. ಆಮೇಲೆ ಆ ಮೇಣಕ್ಕೆ ಲೋಹ ಲೇಪಿಸಿ ಅಚ್ಚು ತೆಗೀತಾರೆ. ಆ ಅಚ್ಚಿನಿಂದ ಬಿಸಿ ಅರಗಿನ ಉಂಡೆಯನ್ನ ಪ್ರೆಸ್ಸಲ್ಲಿ ಒತ್ತಿದರೆ ನಮ್ಮ ಕೈಗೆ ಬರೋ ತಟ್ಟೆ. ಟೇಪು ಇಲ್ಲದ ಕಾಲ, ಕಟ್ ಮಾಡಿ ಅಂಟಿಸೋ ಹಾಗಿಲ್ಲ. ಯಾರಾದ್ರೂ ತಪ್ಪಿದರೆ ಹೊಸ ಮೇಣದಿಂದ ಮತ್ತೆ ಶುರು.

ಈ ಹಾರ್ನ್ ಅನ್ನೋದು ಒಂದು ಬ್ಯಾಂಡ್‌ಪಾಸ್ ಫಿಲ್ಟರ್ ಅಂದುಕೊಳ್ಳಿ. ಸುಮಾರು 250ರಿಂದ 2500 ಹರ್ಟ್ಸ್ ಒಳಗಿನದು ಚೆನ್ನಾಗಿ ದಾಟುತ್ತೆ, ಉಳಿದದ್ದು ಹೋಯ್ತು. ಕಾರ್ನೆಟ್, ಕ್ಲಾರಿನೆಟ್, ಟ್ರೋಂಬೋನ್ ಬರುತ್ತೆ. ದೊಡ್ಡ ಡ್ರಮ್ ಹೊಡೆದರೆ ಕತ್ತರಿಸೋ ಮುಳ್ಳೇ ಎಗರುತ್ತೆ. ಆದ್ದರಿಂದ 1923ರಲ್ಲಿ ಕಿಂಗ್ ಆಲಿವರ್‌ನ ಕ್ರಿಯೋಲ್ ಜಾಝ್ ಬ್ಯಾಂಡ್ ರೆಕಾರ್ಡ್ ಮಾಡಿದಾಗ ಬೇಬಿ ಡಾಡ್ಸ್ ತನ್ನ ಡ್ರಮ್ ಸೆಟ್ ಬಿಟ್ಟು ಮರದ ಬ್ಲಾಕ್ ಬಡಿದ. ಬಾಸ್ ನುಡಿಸೋ ಬಿಲ್ ಜಾನ್ಸನ್ ಬ್ಯಾಂಜೊ ಹಿಡಿದ. ಇಲ್ಲಿ ಒಂದು ಪಾಠ ಇದೆ: ಹಳೇ ತಟ್ಟೆಯಲ್ಲಿ ಡ್ರಮ್ ಕೇಳಿಸ್ತಿಲ್ಲ ಅಂದ ಮಾತ್ರಕ್ಕೆ ಆ ಕಾಲದವರು ಡ್ರಮ್ ನುಡಿಸ್ತಿರಲಿಲ್ಲ ಅಂತಲ್ಲ. ನಾವು ಕೇಳ್ತಿರೋದು ಬ್ಯಾಂಡ್ ಅನ್ನಲ್ಲ, ಹಾರ್ನ್ ಒಪ್ಪಿಕೊಂಡಷ್ಟು ಬ್ಯಾಂಡ್ ಅನ್ನ.

ಆ ಸೆಷನ್ ನಡೆದದ್ದು ಇಂಡಿಯಾನಾ ರಾಜ್ಯದ ರಿಚ್‌ಮಂಡ್ ಊರಲ್ಲಿ, ಪಿಯಾನೊ ಕಾರ್ಖಾನೆಗೆ ಸೇರಿದ ಗೆನೆಟ್ ಸ್ಟುಡಿಯೋದಲ್ಲಿ, 1923ರ ಏಪ್ರಿಲ್ 5 ಮತ್ತು 6ರಂದು. ಪಕ್ಕದಲ್ಲೇ ರೈಲು ಹಳಿ. ರೈಲು ಬಂದರೆ ಕೆಲಸ ನಿಲ್ಲಿಸಿ ಕಾಯಬೇಕಿತ್ತು. ಎರಡನೇ ಕಾರ್ನೆಟ್ ಹಿಡಿದಿದ್ದ ಹುಡುಗ ಲೂಯಿ ಆರ್ಮ್‌ಸ್ಟ್ರಾಂಗ್, ಆಗ ವಯಸ್ಸು 21. ನಮಗಿಂತ ಒಂದೆರಡು ವರ್ಷ ದೊಡ್ಡವನು ಅಷ್ಟೇ.

1925ರಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್‌ನ ಎಲೆಕ್ಟ್ರಿಕಲ್ ರೆಕಾರ್ಡಿಂಗ್ ಪದ್ಧತಿಯನ್ನ ವಿಕ್ಟರ್, ಕೊಲಂಬಿಯಾ ಎರಡೂ ಕಂಪನಿ ಅಳವಡಿಸಿಕೊಂಡವು. ಮೈಕ್ ಬಂತು. ಕೆಳಗಿನ ಸ್ವರಗಳೂ ಮೇಲಿನ ಸ್ವರಗಳೂ ತಟ್ಟೆಗೆ ಇಳಿಯೋಕೆ ಶುರುವಾಯ್ತು. ಹಿಂದಿನ ಮತ್ತು ಮುಂದಿನ ತಟ್ಟೆ ಒಂದರ ಹಿಂದೆ ಒಂದು ಕೇಳಿದರೆ ಕಿಟಕಿ ತೆರೆದ ಹಾಗೆ ಅನ್ನಿಸುತ್ತೆ.

4. ಕೇಳೋ ಪಾಠ: ಮೂರು ತಟ್ಟೆ

ಮೊದಲ ಸಲ ಕೇಳೋರಿಗೆ ಸರ ಸರ ಶಬ್ದ ಬಿಟ್ಟು ಬೇರೇನೂ ಕೇಳಿಸೋದಿಲ್ಲ. ಕಿವಿ ಪಳಗೋಕೆ ಹತ್ತಿಪ್ಪತ್ತು ನಿಮಿಷ ಬೇಕು. ಆಮೇಲೆ ಮಳೆ ಶಬ್ದದ ಮಧ್ಯೆ ಮಾತು ಕೇಳಿಸೋ ಹಾಗೆ ಸಂಗೀತ ಮೇಲೆ ಬರುತ್ತೆ. ಯಾವುದನ್ನ ಕೇಳಬೇಕು ಅಂತ ಗೊತ್ತಿದ್ದರೆ ಇನ್ನೂ ಬೇಗ.

ಮೊದಲನೆಯದು ಕಿಂಗ್ ಆಲಿವರ್ ಬ್ಯಾಂಡಿನ 'ಡಿಪ್ಪರ್‌ಮೌತ್ ಬ್ಲೂಸ್' (1923). ಇಲ್ಲಿ ಯಾರೂ ಒಬ್ಬರೇ ಮುಂದೆ ನಿಂತು ಮೆರೆಯೋದಿಲ್ಲ. ಕಾರ್ನೆಟ್ ಮುಖ್ಯ ರಾಗ, ಕ್ಲಾರಿನೆಟ್ ಮೇಲೆ ಬಳ್ಳಿಯಂತೆ ಸುತ್ತೋದು, ಟ್ರೋಂಬೋನ್ ಕೆಳಗೆ ಎಳೆಯೋದು, ಮೂರೂ ಒಟ್ಟಿಗೆ ಮಾತಾಡಿದರೂ ಗಲಾಟೆ ಅನ್ನಿಸೋದಿಲ್ಲ. ಮೊದಲ ಸಲ ಕ್ಲಾರಿನೆಟ್ ಮಾತ್ರ ಹಿಂಬಾಲಿಸಿ. ಎರಡನೇ ಸಲ ಟ್ರೋಂಬೋನ್. ಮಧ್ಯೆ ಆಲಿವರ್ ತನ್ನ ಕಾರ್ನೆಟ್ಟಿನ ಬಾಯಿಯನ್ನ ಮ್ಯೂಟಿನಿಂದ ಮುಚ್ಚಿ ತೆರೆದು ಮಾಡೋ ವಾ-ವಾ ದನಿ ಬರುತ್ತೆ, ಮನುಷ್ಯ ಗೊಣಗಿದ ಹಾಗೆ. ಅದೇ ವರ್ಷ ಓಕೆ ಕಂಪನಿಗೆ (ಹೌದು, ಕಂಪನಿಯ ಹೆಸರೇ ಓಕೆ) ಇದನ್ನ ಮತ್ತೆ ನುಡಿಸಿದ್ದಾರೆ. ಎರಡನ್ನೂ ಹೋಲಿಸಿದರೆ ಸ್ಟುಡಿಯೋ ಬದಲಾದರೆ ಬ್ಯಾಂಡ್ ಎಷ್ಟು ಬದಲಾಗಿ ಕೇಳುತ್ತೆ ಅಂತ ಗೊತ್ತಾಗುತ್ತೆ.

ಎರಡನೆಯದು ಜೆಲ್ಲಿ ರೋಲ್ ಮಾರ್ಟನ್‌ನ 'ಬ್ಲ್ಯಾಕ್ ಬಾಟಮ್ ಸ್ಟಾಂಪ್' (1926, ವಿಕ್ಟರ್). ಮೈಕ್ ಬಂದ ನಂತರದ್ದು. ಇದರಲ್ಲಿ ಗಮನಿಸಬೇಕಾದ್ದು ಪ್ಲಾನಿಂಗ್. ಎಲ್ಲಿ ಎಲ್ಲರೂ ನುಡಿಸಬೇಕು, ಎಲ್ಲಿ ಎಲ್ಲರೂ ಗಪ್ ಅಂತ ನಿಂತು ಒಬ್ಬರಿಗೆ ಎರಡು ಬಾರ್ ಬಿಡಬೇಕು, ಎಲ್ಲಾ ಲೆಕ್ಕ ಹಾಕಿದ್ದು. ಮೂರು ನಿಮಿಷ ಅನ್ನೋ ಮಿತಿಯನ್ನೇ ರೂಪವಾಗಿ ಮಾಡಿಕೊಂಡ ತಟ್ಟೆ ಇದು. ಬಾಸ್ ಕೂಡ ಈಗ ಕೇಳುತ್ತೆ, ಹುಡುಕಿ ನೋಡಿ.

ಮೂರನೆಯದು ಲೂಯಿ ಆರ್ಮ್‌ಸ್ಟ್ರಾಂಗ್‌ನ 'ವೆಸ್ಟ್ ಎಂಡ್ ಬ್ಲೂಸ್', 1928ರ ಜೂನ್ 28, ಷಿಕಾಗೊ, ಓಕೆ. ರಚನೆ ಗುರು ಕಿಂಗ್ ಆಲಿವರ್‌ನದೇ. ಆರಂಭದಲ್ಲಿ ಟ್ರಂಪೆಟ್ ಒಂದೇ, ತಾಳವಿಲ್ಲ, ಜೊತೆ ಯಾರೂ ಇಲ್ಲ, ಮೇಲಕ್ಕೆ ಹತ್ತಿ ಇಳಿಯುತ್ತೆ. ನಮ್ಮ ಸಂಗೀತದ ಆಲಾಪನೆ ಕೇಳಿ ಬೆಳೆದ ಕಿವಿಗೆ ಇದು ಪರಕೀಯ ಅನ್ನಿಸೋದಿಲ್ಲ. ಆಮೇಲೆ 12 ಬಾರಿನ ಬ್ಲೂಸ್ ಶುರು. ಟ್ರೋಂಬೋನಿನ ಹಿಂದೆ ಕುದುರೆ ಹೆಜ್ಜೆಯಂಥ ಟಕ್ ಟಕ್ ತಾಳ. ಕ್ಲಾರಿನೆಟ್ ಒಂದು ಮಾತು ಹೇಳಿದರೆ ಆರ್ಮ್‌ಸ್ಟ್ರಾಂಗ್ ಪದವಿಲ್ಲದ ಹಾಡಿನಲ್ಲಿ ಉತ್ತರ ಕೊಡ್ತಾನೆ. ಅರ್ಲ್ ಹೈನ್ಸ್ ಪಿಯಾನೊ. ಕೊನೇ ಸುತ್ತಿನಲ್ಲಿ ಟ್ರಂಪೆಟ್ ಒಂದೇ ಎತ್ತರದ ಸ್ವರವನ್ನ ಹತ್ತಿರ ಹತ್ತಿರ ನಾಲ್ಕು ಬಾರ್ ಹಿಡಿದು ನಿಲ್ಲುತ್ತೆ. ಉಸಿರು ಬಿಗಿ ಹಿಡಿದು ಕೇಳ್ತಿರೋದು ನಾವೇ ಅಂತ ಆಗ ಗೊತ್ತಾಗುತ್ತೆ. 1923ರಲ್ಲಿ ಗುಂಪಿನ ಸಂಗೀತ ಆಗಿದ್ದ ಜಾಝ್ ಐದೇ ವರ್ಷದಲ್ಲಿ ಒಬ್ಬ ಏಕವಾದಕನ ಕಲೆಯೂ ಆಯ್ತು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಪುರಾವೆ ಬೇಡ.

5. ಉಳಿದದ್ದು ಎಷ್ಟು, ಹೋದದ್ದು ಎಷ್ಟು

ನ್ಯೂ ಆರ್ಲಿಯನ್ಸ್‌ನ ಕಪ್ಪು ಕಲಾವಿದರು ಕಟ್ಟಿ ಬೆಳೆಸಿದ ಈ ಸಂಗೀತದ ಮೊದಲ ತಟ್ಟೆಯಲ್ಲಿ ಇದ್ದವರು ಐದು ಜನ ಬಿಳಿಯರು. 1920ರಲ್ಲಿ ಮೇಮಿ ಸ್ಮಿತ್ ಹಾಡಿದ 'ಕ್ರೇಜಿ ಬ್ಲೂಸ್' ತಟ್ಟೆಗೆ ಕಪ್ಪು ಜನರೇ ಮುಗಿಬಿದ್ದ ಮೇಲೆ ಕಂಪನಿಗಳಿಗೆ ಕಣ್ಣು ತೆರೀತು. 'ರೇಸ್ ರೆಕಾರ್ಡ್ಸ್' ಅಂತ ಬೇರೆಯೇ ಪಟ್ಟಿ ಮಾಡಿ ಮಾರೋಕೆ ಶುರು ಮಾಡಿದರು. ಎಷ್ಟೋ ಕಲಾವಿದರಿಗೆ ಸಿಕ್ಕಿದ್ದು ಒಂದು ಮುಖಕ್ಕೆ ಇಷ್ಟು ಅಂತ ಒಂದು ಸಲದ ದುಡ್ಡು ಮಾತ್ರ. ತಟ್ಟೆ ಎಷ್ಟೇ ಮಾರಾಟವಾದ್ರೂ ರಾಯಲ್ಟಿ ಇಲ್ಲ.

ಆ ತಟ್ಟೆಗಳನ್ನ ಕೊಂಡವರು ಕೂಡಿಡೋಕೆ ಕೊಂಡಿದ್ದಲ್ಲ, ಕುಣಿಯೋಕೆ. ಸವೆಯುವಷ್ಟು ಹಾಕಿದರು. ಆಮೇಲೆ ಆರ್ಥಿಕ ಕುಸಿತ. ಅಮೆರಿಕದಲ್ಲಿ 1927ರಲ್ಲಿ ವರ್ಷಕ್ಕೆ 10 ಕೋಟಿಯಷ್ಟು ಇದ್ದ ತಟ್ಟೆ ಮಾರಾಟ 1932ರ ಹೊತ್ತಿಗೆ 60 ಲಕ್ಷದ ಆಸುಪಾಸಿಗೆ ಬಿತ್ತು. ಸಣ್ಣ ಕಂಪನಿಗಳು ಮುಚ್ಚಿದವು, ಅವುಗಳ ಎಷ್ಟೋ ಲೋಹದ ಅಚ್ಚುಗಳು ಗುಜರಿಗೆ ಹೋದವು. ಎರಡನೇ ಮಹಾಯುದ್ಧ ಬಂದಾಗ ಭಾರತದಿಂದ ಬರೋ ಅರಗಿಗೆ ಕುತ್ತು ಬಂತು. 1942ರ ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರ ರೆಕಾರ್ಡ್ ಕಂಪನಿಗಳು ಬಳಸೋ ಅರಗನ್ನ ಶೇ. 70ರಷ್ಟು ಕಡಿತ ಮಾಡಿತು. ಹೊಸ ತಟ್ಟೆ ಬೇಕಾದರೆ ಹಳೇ ತಟ್ಟೆ ತಂದುಕೊಡಿ ಅಂದರು. ಜನ ರಾಶಿ ರಾಶಿ ತಂದುಕೊಟ್ಟರು. ಅವನ್ನ ಪುಡಿ ಮಾಡಿ ಹೊಸದಕ್ಕೆ ಬೆರೆಸಿದರು. ಆ ರಾಶಿಯಲ್ಲಿ ಏನೇನಿತ್ತು ಅಂತ ಯಾರೂ ಪಟ್ಟಿ ಮಾಡಿಡಲಿಲ್ಲ.

ಇದರ ಅರ್ಥ ಏನು ಅಂತ ಒಂದೇ ಉದಾಹರಣೆ ಸಾಕು. ಕಿಂಗ್ ಆಲಿವರ್ ಬ್ಯಾಂಡ್ 1923ರ ಅಕ್ಟೋಬರ್‌ನಲ್ಲಿ ಗೆನೆಟ್‌ಗೆ ನುಡಿಸಿದ 'ಝೂಲೂಸ್ ಬಾಲ್', ಹಿಂದಿನ ಮುಖ 'ವರ್ಕಿಂಗ್‌ಮ್ಯಾನ್ ಬ್ಲೂಸ್'. ಗೆನೆಟ್ 5275. ಕಾರ್ಖಾನೆಯಿಂದ ಅಂಗಡಿಗೆ ಬಂದಿದ್ದ ಮಾಮೂಲಿ ತಟ್ಟೆ ಅದು. ಇವತ್ತು ಸಂಗ್ರಹಕಾರರಿಗೆ ಗೊತ್ತಿರೋದು ಅದರ ಒಂದೇ ಒಂದು ಪ್ರತಿ. ನಾವು ಎಲ್ಲೇ ಕೇಳಿದರೂ ಕೇಳ್ತಿರೋದು ಆ ಒಂದು ತಟ್ಟೆಯನ್ನೇ, ಅದರ ಗೀಚು, ಸವೆತ ಎಲ್ಲಾ ಸೇರಿಸಿ. ಯಾರೋ ಒಬ್ಬರು ಅದನ್ನ ಬಿಸಾಕದೆ ಇಟ್ಟುಕೊಂಡಿದ್ದರಿಂದ ಆರ್ಮ್‌ಸ್ಟ್ರಾಂಗ್‌ನ ಆರು ನಿಮಿಷ ಜಗತ್ತಿಗೆ ಉಳೀತು. ಸಂಗ್ರಹ ಅನ್ನೋದು ಬರೀ ಹವ್ಯಾಸ ಅಲ್ಲ ಅಂತ ನಾವು ಹೇಳೋದು ಇದಕ್ಕೇ.

6. ಕೈಗೆ ತಟ್ಟೆ ಸಿಕ್ಕರೆ

*ಗುರುತು:* ಲೇಬಲ್ ಮೇಲಿನ ಕ್ಯಾಟಲಾಗ್ ನಂಬರ್ ಒಂದು. ಗೀರು ಮುಗಿದ ಮೇಲಿನ ಖಾಲಿ ಜಾಗದಲ್ಲಿ ಕೆತ್ತಿರೋ ಅಥವಾ ಲೇಬಲ್ ಮೇಲೆ ಸಣ್ಣದಾಗಿ ಅಚ್ಚಾಗಿರೋ ಮ್ಯಾಟ್ರಿಕ್ಸ್ ನಂಬರ್ ಇನ್ನೊಂದು. ಮೊದಲನೆಯದು ಸರಕಿನ ನಂಬರ್, ಎರಡನೆಯದು ಆ ನುಡಿಸಾಣಿಕೆಯ ನಂಬರ್. ಒಂದೇ ಹಾಡನ್ನ ಎರಡು ಸಲ ನುಡಿಸಿದ್ದರೆ ಟೇಕ್ ನಂಬರ್ ಬೇರೆ ಇರುತ್ತೆ. ಬ್ರಯನ್ ರಸ್ಟ್ ಅವರ ಜಾಝ್ ಡಿಸ್ಕಾಗ್ರಫಿ ಈ ನಂಬರುಗಳ ಮೇಲೇ ನಿಂತಿದೆ.

*ದರ್ಜೆ:* 1953ರಲ್ಲಿ ಶುರುವಾದ 'ವಿಂಟೇಜ್ ಜಾಝ್ ಮಾರ್ಟ್' ಪತ್ರಿಕೆಯ ಪದ್ಧತಿಯನ್ನ ಎಲ್ಲರೂ ಬಳಸ್ತಾರೆ. ಎನ್ ಅಂದ್ರೆ ಹೊಸದರಂತೆ, ಆಮೇಲೆ ಇ, ವಿ, ಜಿ, ಎಫ್, ಪಿ. ಹೆಸರಿಗೆ ಜಿ ಅಂದ್ರೆ 'ಗುಡ್', ಆದರೆ ಕಿವಿಗೆ ಅಷ್ಟೇನೂ ಗುಡ್ ಅಲ್ಲ! ವಿ ಪ್ಲಸ್ ಇದ್ದರೆ ಖುಷಿಯಾಗಿ ಕೇಳಬಹುದು. ಹೊಳಪು ನೋಡಿ ಮೋಸ ಹೋಗಬೇಡಿ. ದೀಪದ ಕೆಳಗೆ ಓರೆಯಾಗಿ ಹಿಡಿದು ಗೀರುಗಳು ಬೂದು ಬಣ್ಣಕ್ಕೆ ತಿರುಗಿವೆಯಾ ನೋಡಿ. ಬೂದು ಅಂದ್ರೆ ಮುಳ್ಳು ತಿಂದಿದೆ ಅಂತ.

*ತೊಳೆಯೋದು:* ಸ್ಪಿರಿಟ್, ಸ್ಯಾನಿಟೈಸರ್ ಎಂದೆಂದಿಗೂ ಬೇಡ. ಅರಗು ಆಲ್ಕೋಹಾಲಿನಲ್ಲಿ ಕರಗುತ್ತೆ. ಮರಗೆಲಸದವರು ಫ್ರೆಂಚ್ ಪಾಲಿಶ್ ಮಾಡೋದೇ ಹಾಗೆ. ಡಿಸ್ಟಿಲ್ಡ್ ನೀರು, ಒಂದೆರಡು ಹನಿ ಸೌಮ್ಯ ಸೋಪು, ಮೆತ್ತನೆ ಬ್ರಷ್, ಲೇಬಲ್ ಒದ್ದೆ ಆಗದ ಹಾಗೆ. ಎಡಿಸನ್ ಡೈಮಂಡ್ ಡಿಸ್ಕ್ ಅನ್ನೋ ದಪ್ಪ ತಟ್ಟೆಗಳು ಬೇರೆ ಜಾತಿ, ಅವಕ್ಕೆ ನೀರು ತಾಗಿಸಬಾರದು.

*ಇಡೋದು:* ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಿದರೆ ಕೆಳಗಿನದು ಬಿರುಕು ಬಿಡುತ್ತೆ.

*ಹಾಕೋದು:* ಕೀಲಿ ಕೊಡೋ ಹಳೇ ಗ್ರಾಮಫೋನ್ ನೋಡೋಕೆ ಚಂದ. ಆದರೆ ಅದರ ಸೌಂಡ್‌ಬಾಕ್ಸ್ ನೂರು ಗ್ರಾಮಿಗೂ ಹೆಚ್ಚು ಭಾರ ಹಾಕುತ್ತೆ. ಅಪರೂಪದ ತಟ್ಟೆಗೆ ಅದು ಬೇಡ. 78 ವೇಗ ಇರೋ ಟರ್ನ್‌ಟೇಬಲ್, 3 ಮಿಲ್ ತುದಿಯ ಮುಳ್ಳು ಸಾಕು. ಎಲ್‌ಪಿ ಮುಳ್ಳು ಹಾಕಿದರೆ ಅಗಲವಾದ ಗೀರಿನ ತಳಕ್ಕೆ ಬಿದ್ದು ಕಸದಲ್ಲೇ ಉಜ್ಜುತ್ತೆ. ಈ ತಟ್ಟೆಗಳಲ್ಲಿ ಶಬ್ದ ಇರೋದು ಗೀರಿನ ಅಡ್ಡ ಚಲನೆಯಲ್ಲಿ ಮಾತ್ರ. ಸ್ಟೀರಿಯೊ ಕಾರ್ಟ್ರಿಜ್‌ನ ಎಡ, ಬಲ ಚಾನೆಲ್ ಕೂಡಿಸಿ ಮೋನೊ ಮಾಡಿದರೆ ಮೇಲೆ ಕೆಳಗಿನ ಚಲನೆಯ ಗದ್ದಲ ಒಂದನ್ನೊಂದು ಹೊಡೆದುಹಾಕುತ್ತೆ. ಪೈಸೆ ಖರ್ಚಿಲ್ಲದ ನಾಯ್ಸ್ ರಿಡಕ್ಷನ್ ಇದು.

*ವೇಗ:* 60 ಹರ್ಟ್ಸ್ ಕರೆಂಟಿನ ದೇಶದಲ್ಲಿ 3600 ಸುತ್ತಿನ ಮೋಟರಿಗೆ 46:1 ಗೇರ್, ಅಂದ್ರೆ 78.26. ನಮ್ಮ 50 ಹರ್ಟ್ಸ್‌ನಲ್ಲಿ ಸ್ಟ್ರೋಬ್ ಕಾಗದದ ಮೇಲೆ 77 ಗೆರೆ ಎಳೆದು, ಮೇನ್ಸ್‌ನಲ್ಲಿ ಮಿನುಗೋ ಬಲ್ಬಿನ ಕೆಳಗೆ ಗೆರೆ ನಿಂತ ಹಾಗೆ ಕಂಡರೆ ವೇಗ 77.92. ಇದು ಸಾಕು. ಆದರೆ 1925ಕ್ಕಿಂತ ಹಿಂದಿನ ತಟ್ಟೆಗಳು ಎಲ್ಲವೂ 78ರಲ್ಲಿ ಅಚ್ಚಾಗಿಲ್ಲ. 80ರಲ್ಲಿ ಅಚ್ಚಾಗಿದ್ದನ್ನ 78.26ರಲ್ಲಿ ಹಾಕಿದರೆ ಶ್ರುತಿ ಅರ್ಧ ಸ್ವರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯುತ್ತೆ. ಊದೋ ವಾದ್ಯದವರಿಗೆ ಬಿ ಫ್ಲಾಟ್, ಇ ಫ್ಲಾಟ್‌ನಂಥ ಶ್ರುತಿಗಳು ಅನುಕೂಲ. ಹಾಡು ಎರಡು ಶ್ರುತಿಗಳ ಮಧ್ಯೆ ಸಿಕ್ಕಿಕೊಂಡಿದ್ದರೆ ತಪ್ಪಿರೋದು ವೇಗ.

7. ನಮ್ಮ ಕಡೆಯ ದಾರಿ

ತಟ್ಟೆಯ ಅರಗು ಇಲ್ಲಿಂದ ಹೋದ ಹಾಗೇ ಜಾಝ್ ಇಲ್ಲಿಗೂ ಬಂತು. 1908ರಲ್ಲೇ ಗ್ರಾಮಫೋನ್ ಕಂಪನಿ ಕಲ್ಕತ್ತಾದ ಸಿಯಾಲ್ದಾದಲ್ಲಿ ತಟ್ಟೆ ಒತ್ತೋ ಕಾರ್ಖಾನೆ ತೆರೆದಿತ್ತು. 1920ರ ದಶಕದ ಷಿಕಾಗೋದಲ್ಲಿ ಹೆಸರು ಮಾಡಿದ್ದ ಪಿಯಾನಿಸ್ಟ್ ಟೆಡ್ಡಿ ವೆದರ್‌ಫರ್ಡ್ ಏಷ್ಯಾಕ್ಕೆ ಬಂದು, ಶಾಂಘೈ, ಬಾಂಬೆ ಸುತ್ತಿ, ಕೊನೆಗೆ ಕಲ್ಕತ್ತಾದಲ್ಲಿ ನೆಲೆಸಿ ಅಲ್ಲೇ ಕೊಲಂಬಿಯಾಗೆ ತಟ್ಟೆಗಳನ್ನ ಮಾಡಿದ. 1945ರಲ್ಲಿ ಕಾಲರಾದಿಂದ ಅಲ್ಲೇ ತೀರಿಕೊಂಡ. 1902ರಲ್ಲಿ ಭಾರತದ ಮೊದಲ ಗ್ರಾಮಫೋನ್ ರೆಕಾರ್ಡಿಂಗ್‌ಗಳಲ್ಲಿ ಹಾಡಿದ ಗೌಹರ್ ಜಾನ್ ಕೊನೆಗಾಲ ಕಳೆದದ್ದು ನಮ್ಮ ಮೈಸೂರಲ್ಲಿ, ತೀರಿಕೊಂಡಿದ್ದು 1930ರಲ್ಲಿ. ಆಕೆ ಹಾಡಿದ್ದೂ ಅದೇ ಥರದ ಹಾರ್ನ್ ಮುಂದೆ, ಅದೇ ಮೂರು ನಿಮಿಷದ ಗಡುವಿನಲ್ಲಿ.

ತಟ್ಟೆ ಕೊಳ್ಳೋಕೆ ದುಡ್ಡಿಲ್ಲದಿದ್ದರೂ ಪರವಾಗಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ನ್ಯಾಷನಲ್ ಜೂಕ್‌ಬಾಕ್ಸ್‌ನಲ್ಲಿ ಹಳೇ ತಟ್ಟೆಗಳನ್ನ ಬಿಟ್ಟಿಯಾಗಿ ಕೇಳಬಹುದು. 1923ರ ಧ್ವನಿಮುದ್ರಣಗಳು 2024ರ ಜನವರಿ 1ರಿಂದ ಆ ದೇಶದಲ್ಲಿ ಸಾರ್ವಜನಿಕ ಸ್ವತ್ತು, ಆಲಿವರ್ ಬ್ಯಾಂಡ್ ಸೇರಿ.

ಕೊನೆಗೆ ಒಂದು ಹೋಮ್‌ವರ್ಕ್. ರಜೆಗೆ ಊರಿಗೆ ಹೋದಾಗ ಅಜ್ಜಿ ತಾತನ ಹತ್ತಿರ, ದೊಡ್ಡಪ್ಪನ ಹತ್ತಿರ ಕೇಳಿ, ಅಟ್ಟದ ಮೇಲೆ ಹಳೇ ಗ್ರಾಮಫೋನ್ ಪ್ಲೇಟು ಇದೆಯಾ ಅಂತ. ಇದ್ದರೆ ಅದು ಜಾಝ್ ಆಗಿರೋದಿಲ್ಲ. ನಾಟಕದ ಹಾಡೋ, ಹರಿಕಥೆಯೋ, ಸಂಗೀತ ಕಚೇರಿಯೋ ಇರಬಹುದು. ಅದನ್ನ ಗುಜರಿಗೆ ಹಾಕೋಕೆ, ಬಣ್ಣ ಬಳಿದು ಗೋಡೆ ಗಡಿಯಾರ ಮಾಡೋಕೆ ಬಿಡಬೇಡಿ. ಎರಡೂ ಮುಖದ ಲೇಬಲ್ ಫೋಟೊ ತೆಗೆದು, ಕ್ಯಾಟಲಾಗ್ ನಂಬರ್, ಮ್ಯಾಟ್ರಿಕ್ಸ್ ನಂಬರ್ ಬರೆದುಕೊಂಡು, ನೆಟ್ಟಗೆ ನಿಲ್ಲಿಸಿಟ್ಟು ಬನ್ನಿ. ಗೆನೆಟ್ 5275ರ ಹಾಗೆ, ನಿಮ್ಮ ಕೈಲಿರೋದೇ ಉಳಿದ ಒಂದು ಪ್ರತಿ ಆಗಿದ್ದರೂ ಆಗಿರಬಹುದು.